ಗೆಳೆಯನಿಗೊಂದು ಪತ್ರ: ಬಿಳಿ ನಿಲ್ಲೋ ತನಕ

ಗುಂಡಾ,

ಅಲೆಕ್ಸಾಂಡ್ರಾ ಪ್ಯಾಲೇಸ್ ಟಿಕೆಟ್ಟಿನ ಫೋಟೋ ಸಿಕ್ತು. ಅಂತೂ ಲಂಡನ್ನಿನಲ್ಲಿದ್ದಿದ್ದಕ್ಕೂ ಸಾರ್ಥಕ ಆಯ್ತು, ಮೊಸ್ಕೋನಿ ಕಪ್ ನೋಡೋಕೆ ಹೊರಟೆ! ಫೋಟೋ ಕೆಳಗೆ ಒಂದೇ ಸಾಲು ಕೇಳಿದ್ದೀಯ: “ಅಲ್ಲಿ ಹೇಗಿರಬೇಕೋ?” ನೀನು ಈವರೆಗೆ ನೋಡಿದ್ದೆಲ್ಲ ಸ್ನೂಕರ್, ಪೂಲ್ ಪಂದ್ಯ ಇದೇ ಮೊದಲು. ಉತ್ತರ ಉದ್ದ ಇದೆ. ಬೇರೆಯವರಿಗೂ ಉಪಯೋಗಕ್ಕೆ ಬರಲಿ ಅಂತ ಎಲ್ಲರೂ ಓದೋ ಹಾಗೆ ಇಲ್ಲೇ ಬರೀತಿದ್ದೀನಿ. ಅರ್ಧ ಟೀ ವಿಷಯ ಮಾತ್ರ ಎತ್ತಲ್ಲ, ಹೆದರಬೇಡ.

ಮೊದಲು ಒಂದು ವ್ಯತ್ಯಾಸ ತಲೆಯಲ್ಲಿ ಇಟ್ಕೋ. ಶೆಫೀಲ್ಡ್‌ನ ಕ್ರೂಸಿಬಲ್ ಮೂಲದಲ್ಲಿ ನಾಟಕದ ಥಿಯೇಟರ್. 1977ರಿಂದ ವಿಶ್ವ ಸ್ನೂಕರ್ ಅಲ್ಲೇ ನಡೀತಿದೆ, ಸೀಟು ಸಾವಿರವೂ ಇಲ್ಲ. ಯಾರಾದ್ರೂ ಪೆಪ್ಪರ್‌ಮಿಂಟಿನ ಕಾಗದ ಬಿಚ್ಚಿದ್ರೂ ಅರ್ಧ ಸಭೆಗೆ ಕೇಳುತ್ತೆ. ನಮ್ಮ ವಸಂತನಗರದ ಬಿಲಿಯರ್ಡ್ಸ್ ಅಸೋಸಿಯೇಷನ್‌ನಲ್ಲಿ ಆಡಿ ಬೆಳೆದವರ ಶಿಸ್ತೂ ಅದೇ. ಮೊಸ್ಕೋನಿ ಕಪ್ ಇದಕ್ಕೆ ಪೂರ್ತಿ ಉಲ್ಟಾ. 1994ರಲ್ಲಿ ಶುರುವಾದ ಕಪ್ ಇದು, ಯೂರೋಪ್ ಒಂದು ಕಡೆ, ಅಮೆರಿಕ ಇನ್ನೊಂದು ಕಡೆ. ಆಡೋದು 1ರಿಂದ 9ರವರೆಗಿನ ನಂಬರಿನ ಚೆಂಡುಗಳ ಪೂಲ್ ಆಟ, ನೈನ್‌ಬಾಲ್. ಮೊದಲು 11 ಪಾಯಿಂಟ್ ಮುಟ್ಟಿದವರದು ಕಪ್, ಒಂದೊಂದು ಶಾಟ್‌ಗೂ 30 ಸೆಕೆಂಡಿನ ಗಡಿಯಾರ. ಜನ ಹಾಡ್ತಾರೆ, ಕೂಗ್ತಾರೆ, ಎದುರು ತಂಡದವರ ಕಾಲೆಳೀತಾರೆ. ಆಟಗಾರರು ಅದಕ್ಕೆ ಮನಸ್ಸು ಗಟ್ಟಿ ಮಾಡ್ಕೊಂಡೇ ಬಂದಿರ್ತಾರೆ.

ಹಾಗಂತ ಬಾಯಿಗೆ ಬಂದಾಗ ಕಿರುಚಬಹುದು ಅಂತಲ್ಲ. ಕ್ಯೂ (ಹೊಡೆಯೋ ಕೋಲು) ಹಿಡಿದು ಬಗ್ಗಿದವನನ್ನ ಕೆಡಿಸೋದು ಗಲಾಟೆಗಿಂತ ಹೆಚ್ಚಾಗಿ ಗಲಾಟೆಯ ಏರಿಳಿತ. ಒಂದೇ ಸಮ ಇರೋ ಗದ್ದಲ ಜಡಿಮಳೆ ಇದ್ದ ಹಾಗೆ, ಸ್ವಲ್ಪ ಹೊತ್ತಿಗೆ ಕಿವಿ ಅದನ್ನ ಮರೆತುಬಿಡುತ್ತೆ. ಸಭೆ ತಣ್ಣಗಾದ ಹೊತ್ತಲ್ಲಿ ಹಿಂದಿನ ಸಾಲಿಂದ ಒಬ್ಬನೇ ಕೂಗಿದ್ನಾ, ಅದು ನೇರ ಆ ಕೈಗೆ ಹೋಗಿ ತಾಗುತ್ತೆ. ಕ್ಯೂ ಕೊನೇ ಸಲ ಹಿಂದಕ್ಕೆ ಎಳೆಯೋವಾಗ ಮೈ ಬೆಚ್ಚಿ ತುದಿ ಒಂದೆರಡು ಮಿಲಿಮೀಟರ್ ಆಚೀಚೆ ಆದ್ರೂ ಸಾಕು, ಒಂಬತ್ತಡಿ ಟೇಬಲ್‌ನ ಆ ತುದಿ ಮುಟ್ಟೋಷ್ಟರಲ್ಲಿ ಚೆಂಡು ಪಾಕೆಟ್ಟಿನ ಅಂಚಿಗೆ ಬಡಿದು ವಾಪಸ್. ಅದಕ್ಕೇ, ಗುಂಪಿನ ಜೊತೆ ಹಾಡು, ಒಬ್ಬನೇ ಕೂಗಬೇಡ.

ಆಮೇಲೆ ನಿನ್ನ ಸೀಟು ಎಲ್ಲಿದೆ ಅಂತ ನೋಡ್ಕೋ. ಬಗ್ಗಿದ ಆಟಗಾರನ ಗದ್ದ ಕ್ಯೂಗೆ ತಾಗೋಷ್ಟು ಕೆಳಗಿರುತ್ತೆ. ಅಲ್ಲಿಂದ ಅವನಿಗೆ ಕಾಣೋದು ಕ್ಯೂನಿಂದ ಹೊಡೆಯೋ ಬಿಳಿ ಚೆಂಡು, ಅದರಾಚೆ ಆ ಬಿಳಿಯಿಂದ ಹೊಡೀಬೇಕಾದ ಚೆಂಡು, ಅದರಾಚೆ ಪಾಕೆಟ್, ಅದರಾಚೆ ಮೊದಲೆರಡು ಸಾಲಿನವರ ಮೊಣಕಾಲು. ಆ ಗೆರೆಗೆ ನೇರ ಕೂತವನು ಕಾಲು ಮೇಲೆ ಕಾಲು ಹಾಕಿದ್ರೂ, ಬಿಯರ್ ಲೋಟ ಎತ್ತಿದ್ರೂ ಕಣ್ಣು ಅತ್ತ ಹೋಗುತ್ತೆ. ಅವನ ಬೆನ್ನ ಹಿಂದೆ ಕೂತವರು ಅಲುಗಾಡಿದರೆ ಅಷ್ಟು ತೊಂದರೆ ಇಲ್ಲ. ನಿನ್ನ ಕಡೆ ಮುಖ ಮಾಡಿ ಬಗ್ಗಿದಾಗ ಮಾತ್ರ ಕಲ್ಲುಬಸವನ ಹಾಗೆ ಕೂತುಬಿಡು. ಎದ್ದು ಹೋಗೋದಿದ್ರೆ ರ‍್ಯಾಕ್ (ಅಂದ್ರೆ ಒಂದು ಆಟ) ಮುಗಿದು ರೆಫರಿ ಚೆಂಡು ಜೋಡಿಸೋವಾಗ. ವಾಪಸ್ ಬರೋವಾಗಲೂ ಅಷ್ಟೇ, ಬಾಗಿಲ ಹತ್ರ ನಿಂತು ಕಾಯಿ. ಫೋನ್ ಸೈಲೆಂಟ್ ಮಾಡಿದರೆ ಸಾಲದು, ವೈಬ್ರೇಷನ್ನೂ ಆಫ್ ಮಾಡು. ಫ್ಲಾಶ್ ಆರಿಸೋದು ಎಲ್ಲರಿಗೂ ಗೊತ್ತು, ಕತ್ತಲಲ್ಲಿ ಫೋಕಸ್ ಹುಡುಕೋಕೆ ಕೆಲವು ಕ್ಯಾಮೆರಾ ಬಿಡೋ ಸಣ್ಣ ದೀಪಾನ ಮರೀತಾರೆ.

ಚಪ್ಪಾಳೆಯಲ್ಲಿ ಎಡವೋ ಹೊಸಬರೇ ಜಾಸ್ತಿ. ಚೆಂಡು ಪಾಕೆಟ್ಟಿಗೆ ಬಿದ್ದ ತಕ್ಷಣ ತಟ್ಟಿಬಿಡ್ತಾರೆ. ಪೂಲ್‌ನಲ್ಲಿ ಆಗ ಅರ್ಧ ಕೆಲಸ ಅಷ್ಟೇ ಆಗಿರೋದು. ಬಿಳಿ ಇನ್ನೂ ಓಡ್ತಿರುತ್ತೆ. ಅದು ಎರಡೋ ಮೂರೋ ಕುಷನ್ (ಟೇಬಲ್ಲಿನ ರಬ್ಬರ್ ಅಂಚು) ಮುಟ್ಟಿಕೊಂಡು ಮುಂದಿನ ಚೆಂಡಿಗೆ ಅನುಕೂಲ ಆಗೋ ಕಡೆ ಬಂದು ನಿಲ್ಲಬೇಕು. ದಾರಿಯಲ್ಲಿ ಬೇರೆ ಚೆಂಡಿಗೆ ಒರಸಿದರೆ ಲೆಕ್ಕಾಚಾರ ಕೆಟ್ಟಿತು, ತಾನೇ ಪಾಕೆಟ್ಟಿಗೆ ಬಿದ್ದರೆ ಫೌಲ್. ಬಿಳಿ ನಿಲ್ಲಲಿ, ಆಮೇಲೆ ತಟ್ಟು. ಪಾಟ್‌ಗೆ (ಚೆಂಡು ಪಾಕೆಟ್ಟಿಗೆ ಹಾಕಿದ್ದಕ್ಕೆ) ತಟ್ಟಿದಷ್ಟೇ ಮನಸಾರೆ ಸೇಫ್ಟಿಗೂ (ಎದುರಾಳಿಯ ದಾರಿ ಕಟ್ಟೋ ಹೊಡೆತಕ್ಕೂ) ತಟ್ಟು. ಹೊಡೀಬೇಕಾದ ಚೆಂಡೇ ಎದುರಾಳಿಗೆ ಕಾಣದ ಹಾಗೆ ಬಿಳಿಯನ್ನ ಇನ್ನೊಂದು ಚೆಂಡಿನ ಬೆನ್ನಿಗೆ ತಂದು ನಿಲ್ಲಿಸೋದು ಎಷ್ಟೋ ಪಾಟ್‌ಗಿಂತ ಕಷ್ಟದ ಕೆಲಸ. ಅದಕ್ಕೆ ಯಾರ ಕೈ ಮೊದಲು ತಟ್ಟುತ್ತೋ ಅವರ ಪಕ್ಕ ಕೂತು ಆಟ ನೋಡಬೇಕು. ಎದುರಾಳಿ ತಪ್ಪಿಸಿದ್ದಕ್ಕೆ ತಟ್ಟೋದು ಮೊಸ್ಕೋನಿಯಲ್ಲಿ ಇದ್ದದ್ದೇ. ನೀನು ತಟ್ಟಬೇಡ.

ಕಾಲಿನ ಮೇಲೂ ಗಮನ ಇರಲಿ. ಪಂದ್ಯಕ್ಕೆ ಅಂತ ಕಟ್ಟಿದ ತಾತ್ಕಾಲಿಕ ಮೆಟ್ಟಿಲುಗಳಲ್ಲಿ ಧಡಧಡ ಇಳಿದರೆ ನೆಲ ನಡುಗುತ್ತೆ. ಪಾಕೆಟ್ಟಿನ ಬಾಯಲ್ಲಿ ಒಂದು ಚೆಂಡು ಈಗಲೋ ಆಗಲೋ ಅನ್ನೋ ಹಾಗೆ ನಿಂತಿದೆ ಅಂದ್ಕೋ. 5 ಸೆಕೆಂಡೋ ಅದಕ್ಕಿಂತ ಹೆಚ್ಚೋ ಅಲುಗದೆ ನಿಂತು ಆಮೇಲೆ ಬಿದ್ದರೆ ಅದನ್ನ ಎತ್ತಿ ಇದ್ದಲ್ಲೇ ಇಡ್ತಾರೆ. ಅಷ್ಟರೊಳಗೆ ಬಿದ್ದರೆ ಬಿದ್ದಂತೆಯೇ ಲೆಕ್ಕ. ಹೊರಗಿನವರಿಂದ ಶಾಟ್ ಕೆಟ್ಟರೆ ಚೆಂಡುಗಳನ್ನ ಮೊದಲಿನ ಜಾಗಕ್ಕೇ ಇಟ್ಟು ಮತ್ತೆ ಆಡಿಸೋ ನಿಯಮ ಇದೆ. ಆದ್ರೆ ಎಲ್ಲವನ್ನೂ ಹಾಗೆ ಸರಿ ಮಾಡೋಕಾಗಲ್ಲ. 2023ರ ಏಪ್ರಿಲ್‌ನಲ್ಲಿ ಕ್ರೂಸಿಬಲ್‌ನ ಟೇಬಲ್ ಮೇಲೆ ಪ್ರತಿಭಟನೆಯವನೊಬ್ಬ ಹತ್ತಿ ಕಿತ್ತಳೆ ಬಣ್ಣದ ಪುಡಿ ಚೆಲ್ಲಿದ್ದು ನೆನಪಿದೆಯಲ್ಲ? ಆ ಟೇಬಲ್‌ನ ಆಟ ಆವತ್ತಿಗೆ ಅಲ್ಲಿಗೇ ನಿಂತಿತು.

ಈಗ ನನ್ನ ಮನಸ್ಸಿಗೆ ಮುಳ್ಳಾಗಿರೋ ವಿಷಯ. ನೈನ್‌ಬಾಲ್‌ನಲ್ಲಿ ಟೇಬಲ್ ಮೇಲಿರೋ ಅತಿ ಸಣ್ಣ ನಂಬರಿನ ಚೆಂಡಿಗೇ ಬಿಳಿ ಮೊದಲು ತಾಗಬೇಕು. ಹಳೇ ಬಣ್ಣದ ಸೆಟ್ಟಿನಲ್ಲಿ 3 ಕೆಂಪು, 7 ಕಡುಗೆಂಪು. ನಂಬರು ಆಚೆ ಮಗ್ಗುಲಿಗೆ ತಿರುಗಿದ್ದರೆ ಪಳಗಿದವರಿಗೂ ಕಣ್ಣು ಮೋಸ ಮಾಡುತ್ತೆ. ಟಿವಿಗೆ ಅಂತ ಮಾಡಿದ ಸೆಟ್ಟುಗಳಲ್ಲಿ 7 ತಿಳಿಕಂದು ಆಗಿರೋದು ಇದಕ್ಕೇ. ಆಟಗಾರ 3 ಬಿಟ್ಟು 7ಕ್ಕೆ ಬಗ್ಗಿದ ಅಂದ್ಕೋ. ಎದುರಾಳಿ ಕುರ್ಚಿಯಿಂದ ನೋಡ್ತಿರ್ತಾನೆ, ಹೇಳಲ್ಲ. ರೆಫರಿಯೂ ಚೆಂಡು ತಾಗಿದ ಮೇಲಷ್ಟೇ “ಫೌಲ್” ಅಂತಾರೆ. ಆಮೇಲೆ ಬಾಲ್ ಇನ್ ಹ್ಯಾಂಡ್. ಎದುರಾಳಿ ಬಿಳಿಯನ್ನ ಬೇಕಾದ ಕಡೆ ಇಟ್ಕೋತಾನೆ, ಈ ಮಟ್ಟದವರಾದ್ರೆ ಬಹುಮಟ್ಟಿಗೆ ಟೇಬಲ್ ಖಾಲಿ. ಇಂಥ ಹೊತ್ತಲ್ಲಿ ಗ್ಯಾಲರಿಯಿಂದ ಒಂದು ಉಸಿರು ಎಳೆದ ಸದ್ದು ಬಂದರೆ ಸಾಕು. ಬಗ್ಗಿದವನು ತಲೆ ಎತ್ತುತ್ತಾನೆ, ಟೇಬಲ್ ನೋಡ್ತಾನೆ, ಎದ್ದು ನಿಂತು ಚಾಕ್ ಹಚ್ಚೋಕೆ ಶುರು ಮಾಡ್ತಾನೆ. ಯಾರೂ ಒಂದು ಮಾತೂ ಆಡಿಲ್ಲ, ರ‍್ಯಾಕ್ ಮಾತ್ರ ಉಳಿದುಹೋಯ್ತು. ಅದಕ್ಕೇ ಆಗ 3ರ ಕಡೆ ಕಣ್ಣು ಹಾಯಿಸಬೇಡ, ಪಕ್ಕದವರನ್ನ ತಿವೀಬೇಡ, ಬಾಯಿ ಮುಚ್ಚಿ ಮೂಗಲ್ಲಿ ಉಸಿರಾಡು.

ನಿಯಮ ಸರಿಯಾಗಿದೆ, ಅದರಲ್ಲಿ ನನಗೆ ಅನುಮಾನ ಇಲ್ಲ. ಅನುಮಾನ ಇರೋದು ನನ್ನ ಮೇಲೆ. ನಾನು ಮೆಚ್ಚಿದವನು ತಪ್ಪು ಚೆಂಡಿಗೆ ಬಗ್ಗಿದಾಗ ಸುಮ್ಮನೆ ಕೂರೋದು ನನಗೆ ಹಿಂಸೆ, ನಾಲಿಗೆ ತುದಿಗೆ ಬಂದ ಮಾತನ್ನ ನುಂಗಬೇಕು. ಎದುರು ಕಡೆಯವನು ಬಗ್ಗಿದಾಗ ಅದೇ ಸುಮ್ಮನಿರೋದು ಎಷ್ಟು ಸಲೀಸು! ಪಕ್ಕದಲ್ಲಿ ಕೂತವರಿಗೆ ಎರಡು ಸಲವೂ ನಾನು ಸಭ್ಯನೇ. ಒಬ್ಬ ಮನುಷ್ಯ ಎಡವೋಕೆ ಹೊರಟಿದ್ದಾನೆ, ನನಗೆ ಕಾಣ್ತಿದೆ, ಅವನಿಗೆ ಕಾಣ್ತಿಲ್ಲ, ಎಡವಲಿ ಅಂತ ನಾನು ಉಸಿರು ಹಿಡಿದು ಕಾಯ್ತಿದ್ದೀನಿ. ಈ ಬುದ್ಧಿ ಟೇಬಲ್ ಹತ್ರ ಮಾತ್ರ ಬರೋದೋ, ಬೇರೆ ಕಡೆಯೂ ನಾನು ಹೀಗೇ ಸುಮ್ಮನಿದ್ದೀನೋ ಅಂತ ಈಚೆಗೆ ಯೋಚನೆ ಹತ್ತಿದೆ. ನಿನ್ನ ವಿಷಯದಲ್ಲೂ ಒಂದು ಸಲ ಹೇಳಬೇಕಾಗಿತ್ತು ಗುಂಡಾ, ಅಲ್ಲಿ ತಡೆಯೋ ನಿಯಮ ಯಾವುದೂ ಇರಲಿಲ್ಲ. ಬಿಡು, ಇಷ್ಟು ಬರೆಯೋ ಉದ್ದೇಶ ಇರಲಿಲ್ಲ. ಎದುರು ಸಿಕ್ಕಾಗ ಮಾತಾಡೋಣ.

ಹಾಂ, ಇನ್ನೊಂದು. ಮುಂದೆ ಯಾವತ್ತಾದ್ರೂ ಇಂಡಿಯಾನಾದ ಡರ್ಬಿ ಸಿಟಿ ಕ್ಲಾಸಿಕ್‌ನಂಥ ಓಪನ್‌ಗೆ ಹೋದರೆ ಅಲ್ಲಿ ಟೇಬಲ್‌ಗೊಬ್ಬ ರೆಫರಿ ಇರಲ್ಲ, ಕೂತಿರೋ ಎದುರಾಳಿಯೇ ರೆಫರಿ. ನಿನ್ನ ಕುರ್ಚಿ ಟೇಬಲ್‌ಗೆ ಹತ್ರ ಇರುತ್ತೆ, ಫೌಲ್ ನಿನಗೆ ಸ್ಪಷ್ಟ ಕಾಣುತ್ತೆ. ಆದ್ರೂ “ಫೌಲ್” ಅಂತ ಕೂಗೋದು ನಿನ್ನ ಕೆಲಸ ಅಲ್ಲ. ಟೂರ್ನಿಯವರೇ ಬಂದು ಕೇಳಿದರೆ ಕಂಡದ್ದನ್ನ ಹೇಳು.

ಅಲೆಕ್ಸಾಂಡ್ರಾ ಪ್ಯಾಲೇಸ್ ಗುಡ್ಡದ ಮೇಲಿದೆ, ಡಿಸೆಂಬರ್ ಗಾಳಿಗೆ ಕಿವಿ ಹೆಪ್ಪುಗಟ್ಟುತ್ತೆ. ಅಮ್ಮ ಕೊಟ್ಟ ಉಣ್ಣೆ ಟೋಪಿ ಹಾಕ್ಕೊಂಡು ಹೋಗು, ಒಳಗೆ ಹೋದ ಮೇಲೆ ತೆಗೆದು ತೊಡೆ ಮೇಲಿಟ್ಕೋ, ಹಿಂದಿನವರಿಗೂ ಟೇಬಲ್ ಕಾಣಲಿ. ನಿನ್ನ ಆ ಮೂರು ಸೀನು ಶುರುವಾದ್ರೆ ಟೋಪಿಯೊಳಗೇ ಮುಗಿಸು. ಮೂರನೇದಕ್ಕೆ ಸುತ್ತಮುತ್ತಲಿನವರನ್ನ ದೇವರೇ ಕಾಪಾಡಬೇಕು.

ನಿನ್ನವನು