ಮೇಲ್ಮನೆ ಅಕ್ಕನಿಗೆ, ಮತ್ತು ಉಳಿದ ಎಲ್ಲರಿಗೂ

ನಿನ್ನೆ ಸಂಜೆ 18 ಮೆಟ್ಟಿಲು ಹತ್ತಿದೆ. ಬಲಗೈಯಲ್ಲಿ ಕಂಬಿ ಹಿಡಿದಿದ್ದೆ. ಒಂಬತ್ತನೇ ಮೆಟ್ಟಿಲಲ್ಲಿ ಒಂದು ನಿಮಿಷ ನಿಂತು ಉಸಿರು ತೆಗೆದುಕೊಂಡೆ. ಮೇಲೆ ಬಾಗಿಲು ತೆರೆದೇ ಇತ್ತು. ಅಕ್ಕ ಒಳಗಿನಿಂದಲೇ "ಬಂದ್ಯಾ? ಬಾ" ಅಂದರು. ದಿನಾ ಬರುವವಳನ್ನು ಕರೆಯುವ ಹಾಗೆ, ಅಷ್ಟೇ. ನಾನು ಆ ಮನೆಯೊಳಗೆ ಕಾಲಿಟ್ಟು ಒಂದು ವರ್ಷ ಎರಡು ತಿಂಗಳಾಗಿತ್ತು.

ಹೇಗೆ ಬಿದ್ದೆ, ಏನು ಮುರೀತು, ಆಸ್ಪತ್ರೆಯಲ್ಲಿ ಎಷ್ಟು ದಿನ ಇದ್ದೆ ಅನ್ನೋದೆಲ್ಲ ನಿಮಗೆ ಗೊತ್ತೇ ಇದೆ. ಅದನ್ನು ಮತ್ತೆ ಹೇಳೋದು ಬೇಡ. ನನಗೀಗ 68. ಹೇಳಬೇಕಾದ ಮಾತನ್ನು ನಾಳೆಗೆ ಇಡಬಾರದು ಅನಿಸಿ ಬರೆಯಲು ಕೂತಿದ್ದೇನೆ.

ರಜೆ ಹಾಕಿ ಓಡಿ ಬಂದ ಮಗ, ಎರಡು ಕೆಲಸದ ನಡುವೆ ನನ್ನನ್ನೂ ನೋಡಿಕೊಂಡ ಸೊಸೆ, ದಿನಾ ರಾತ್ರಿ ಎಂಟಕ್ಕೆ ತಪ್ಪದೆ ಫೋನ್ ಮಾಡಿದ ತಮ್ಮ, ಹೆಸರು ಕೂಡ ಕೇಳದೆ ಬಂದು ರಕ್ತ ಕೊಟ್ಟ ಇಬ್ಬರು ಹುಡುಗರು, ಡಾಕ್ಟರು, ನರ್ಸ್‌ಗಳು, ಶಾಲೆಯ ಹಳೆಯ ಸಹೋದ್ಯೋಗಿಗಳು, ನೋಡಲು ಬಂದವರು, ಬರಲಾಗದೆ ಮೆಸೇಜ್ ಮಾಡಿದವರು, ಎಲ್ಲರಿಗೂ ಕೈ ಮುಗಿಯುತ್ತೇನೆ. ನೀವಿಲ್ಲದಿದ್ದರೆ ಈ ವರ್ಷ ದಾಟುತ್ತಿರಲಿಲ್ಲ.

ಆದರೆ ಒಂದು ರಾತ್ರಿಯ ಬಗ್ಗೆ ಸ್ವಲ್ಪ ಜಾಸ್ತಿ ಬರೆಯಬೇಕು.

ಆಸ್ಪತ್ರೆಯಿಂದ ಮನೆಗೆ ಬಂದ ನಾಲ್ಕನೇ ರಾತ್ರಿ. ಮಗ ಅಂದು ಬೆಳಿಗ್ಗೆ ಕೆಲಸಕ್ಕೆ ವಾಪಸ್ ಹೋಗಿದ್ದ. ಮೊಮ್ಮಗಳಿಗೆ ಜ್ವರ, ಸೊಸೆ ಅವಳ ಹತ್ತಿರ ಮಲಗಬೇಕಿತ್ತು. ಅಕ್ಕ ಕಂಕುಳಲ್ಲಿ ಒಂದು ದಿಂಬು ಇಟ್ಟುಕೊಂಡು ಕೆಳಗೆ ಇಳಿದು ಬಂದರು. "ಇವತ್ತು ನಾನಿರ್ತೀನಿ" ಅಂದರು. ಆಗ ಅವರಿಗೆ 75 ವರ್ಷ. ನನಗಿಂತ ಎಂಟು ವರ್ಷ ದೊಡ್ಡವರು.

ರಾತ್ರಿ ಎರಡೂವರೆ ಇರಬೇಕು. ನೋವಿಗೆ ನಿದ್ದೆ ಹತ್ತಿರವೂ ಸುಳಿದಿರಲಿಲ್ಲ. ಆದರೆ ನೋವಿಗಿಂತ ಬೇರೆ ಏನೋ ಎದೆ ಮೇಲೆ ಕೂತಿತ್ತು. ಕತ್ತಲಲ್ಲಿ ಅಕ್ಕನಿಗೆ ಹೇಳಿಬಿಟ್ಟೆ. "ನನ್ನಿಂದ ಇನ್ನು ಯಾರಿಗೂ ಏನೂ ಆಗಬೇಕಾದ್ದಿಲ್ಲ ಅಕ್ಕ. ಎಲ್ಲರಿಗೂ ಹೊರೆಯಾಗಿದ್ದೀನಿ. ಬೆಳಗಾಗೋದೇ ಬೇಡ ಅನ್ನಿಸ್ತಿದೆ." ಈ ಮಾತನ್ನು ಮಕ್ಕಳಿಗೆ ಇವತ್ತಿನವರೆಗೂ ಹೇಳಿಲ್ಲ. ಇದನ್ನು ಓದುವಾಗಲೇ ಅವರಿಗೆ ಗೊತ್ತಾಗುವುದು.

ಹಾಗೆಲ್ಲ ಅನ್ನಬೇಡ ಅಂತ ಅಕ್ಕ ಅನ್ನಲಿಲ್ಲ. ದೇವರಿದ್ದಾನೆ ಅನ್ನಲಿಲ್ಲ. ತುಂಬ ಹೊತ್ತು ನನ್ನ ಮುಂಗೈ ಮೇಲೆ ಕೈ ಇಟ್ಟುಕೊಂಡು ಸುಮ್ನೆ ಕೂತಿದ್ದರು. ಆಮೇಲೆ ಎದ್ದು ದೀಪ ಹಾಕಿದರು. ಚೀಲದಿಂದ ಒಂದು ತಗಡಿನ ಡಬ್ಬಿ ತೆಗೆದರು, ಜೊತೆಗೆ ಅವರ ಮೊಮ್ಮಗನ ಶಾಲೆಯ ಅಂಗಿ. ಅಂಗಿಯ ಮೂರು ಗುಂಡಿ ಕಿತ್ತುಹೋಗಿತ್ತು. ಒಂದು ಸೂಜಿಯನ್ನೂ ಬಿಳಿ ದಾರವನ್ನೂ ನನ್ನ ಕಡೆ ಚಾಚಿದರು.

"ಇದಕ್ಕೆ ದಾರ ಪೋಣಿಸಿಕೊಡು. ನನಗೆ ಕಣ್ಣು ಕಾಣೋಲ್ಲ."

ನನ್ನ ಕೈ ನಡುಗುತ್ತಿತ್ತು. ಮೊದಲ ಸಲ ದಾರ ಸೂಜಿಯ ಪಕ್ಕಕ್ಕೆ ಹೋಯಿತು. ಎರಡನೇ ಸಲವೂ ಹಾಗೇ. ದಾರದ ತುದಿ ಎಳೆ ಎಳೆಯಾಗಿ ಬಿಚ್ಚಿಕೊಂಡಿತ್ತು. ಅಕ್ಕ ಕತ್ತರಿಯಿಂದ ತುದಿಯನ್ನು ಓರೆಯಾಗಿ ಕತ್ತರಿಸಿ ಮತ್ತೆ ಕೊಟ್ಟರು. "ನನ್ನಿಂದ ಆಗಲ್ಲ" ಅಂದೆ. "ಅವಸರ ಇಲ್ಲ, ಅವನು ಶಾಲೆಗೆ ಹೋಗೋದು ಎಂಟು ಗಂಟೆಗೆ" ಅಂದರು. ನಾಲ್ಕನೇ ಸಲ ದಾರ ಒಳಗೆ ಹೋಯಿತು. ಅಕ್ಕ ಶಭಾಷ್ ಅನ್ನಲಿಲ್ಲ. ಸೂಜಿ ತೆಗೆದುಕೊಂಡು, ಬೆರಳಿನಿಂದ ತಡವಿ ತಡವಿ ಗುಂಡಿ ಹೊಲಿಯಲು ಶುರು ಮಾಡಿದರು. ಸ್ವಲ್ಪ ಹೊತ್ತಾದ ಮೇಲೆ ಇನ್ನೊಂದು ಸೂಜಿ ಕೊಟ್ಟರು. ನೀಲಿ ದಾರ. ಆಮೇಲೆ ಮತ್ತೊಂದು.

ಬೆಳಕು ಹರಿಯುವ ಹೊತ್ತಿಗೆ ನನ್ನ ಹೊದಿಕೆಯ ಅಂಚಿನಲ್ಲಿ ಆರು ಸೂಜಿ ಸಾಲಾಗಿ ಚುಚ್ಚಿಕೊಂಡಿದ್ದವು, ಆರಕ್ಕೂ ದಾರ ಪೋಣಿಸಿತ್ತು. ಅಕ್ಕ ಅಂಗಿ ಮಡಚಿ ಎದ್ದರು. "ರಾತ್ರಿ ಮತ್ತೆ ಬರ್ತೀನಿ. ಕಪ್ಪು ದಾರ ಬೇಕಾಗುತ್ತೆ, ಎರಡು ಸೂಜಿಗೆ ಹಾಕಿಟ್ಟಿರು" ಅಂದು ಮೆಟ್ಟಿಲು ಹತ್ತಿದರು. ನಾನು ಮಧ್ಯಾಹ್ನವೇ ಪೋಣಿಸಿಟ್ಟು ರಾತ್ರಿಗೆ ಕಾಯುತ್ತಾ ಕೂತೆ. ಬಿದ್ದ ಮೇಲೆ ಯಾವುದಕ್ಕಾದರೂ ಕಾದದ್ದು ಅದೇ ಮೊದಲು.

ಆ ದಿನಗಳಲ್ಲಿ ಎಲ್ಲರೂ ನನಗೆ ಹೇಳುತ್ತಿದ್ದದ್ದು ಒಂದೇ ಮಾತು. "ನೀವೇನೂ ಮಾಡಬೇಡಿ, ನಾವಿದ್ದೀವಲ್ಲ." ಪ್ರೀತಿಯಿಂದ ಹೇಳಿದ್ದು. ಅದರ ಋಣ ದೊಡ್ಡದು. ಆದರೆ ಬೆಳಗಿನಿಂದ ರಾತ್ರಿವರೆಗೂ ಅದನ್ನೇ ಕೇಳುತ್ತಾ ಮಲಗಿದ್ದರೆ, ಇನ್ನು ನನ್ನಿಂದ ಮಾಡುವುದಕ್ಕೇ ಏನೂ ಉಳಿದಿಲ್ಲ ಅನ್ನೋದು ಮನಸ್ಸಿಗೆ ಇಳಿದುಬಿಡುತ್ತೆ. ಆಮೇಲೊಂದು ದಿನ ಹಳೆಯ ಪ್ರಯೋಗವೊಂದರ ಬಗ್ಗೆ ಓದಿದೆ. ಎಲೆನ್ ಲ್ಯಾಂಗರ್ ಮತ್ತು ಜುಡಿತ್ ರೋಡಿನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಅಮೆರಿಕದ ಒಂದು ವೃದ್ಧಾಶ್ರಮದಲ್ಲಿ ಮಾಡಿ, 1976ರಲ್ಲಿ ಪ್ರಕಟಿಸಿದ್ದು ಅದು. ಒಂದು ಗುಂಪಿನವರಿಗೆ ನಿಮ್ಮ ದಿನದ ಕೆಲಸಗಳನ್ನು ನೀವೇ ತೀರ್ಮಾನಿಸಿ ಎಂದರು. ಒಂದೊಂದು ಗಿಡ ಕೊಟ್ಟು, ಇದನ್ನು ನೋಡಿಕೊಳ್ಳುವವರೂ ನೀವೇ ಎಂದರು. ಇನ್ನೊಂದು ಗುಂಪಿಗೂ ಗಿಡ ಕೊಟ್ಟರು, ಆದರೆ ನೀರು ಹಾಕುವುದು ನರ್ಸ್‌ಗಳು ಎಂದರು. ಮೂರು ವಾರದಲ್ಲೇ ಮೊದಲ ಗುಂಪಿನವರು ಹೆಚ್ಚು ಚುರುಕಾಗಿ, ಖುಷಿಯಾಗಿ ಕಂಡರು. ಅಕ್ಕ ಇದನ್ನೆಲ್ಲ ಓದಿದವರಲ್ಲ. ಅವರ ಕೈಯಲ್ಲಿದ್ದ ಗಿಡ ಆ ಸೂಜಿ, ಅದನ್ನು ನನಗೆ ಕೊಟ್ಟರು.

34 ವರ್ಷ ಮಕ್ಕಳಿಗೆ ಗಣಿತ ಹೇಳಿಕೊಟ್ಟವಳು ನಾನು. ನಿವೃತ್ತಿ ಆದ ದಿನದಿಂದ ಬದುಕಿಗೆ ಇನ್ನೊಂದು ದೊಡ್ಡ ಗುರಿ ಬೇಕು ಅಂತ ಹುಡುಕುತ್ತಲೇ ಇದ್ದೆ. ಅದು ಸಿಗಲಿಲ್ಲ. ಸಿಗದ ಬೇಸರದಲ್ಲಿ ಸಣ್ಣ ಸಣ್ಣದನ್ನೂ ಬಿಟ್ಟೆ. ನಮ್ಮವರು ಹೋದ ಮೇಲೆ ಸಂಜೆಯ ನಡಿಗೆ ನಿಂತಿತು. ಹನ್ನೆರಡರವರೆಗೂ ಟಿವಿ ಮುಂದೆ ಕೂರುವುದು ಅಭ್ಯಾಸವಾಯಿತು. ಕಿವಿಯ ಮೆಷಿನ್ ಎರಡು ವರ್ಷ ಡ್ರಾಯರ್‌ನಲ್ಲೇ ಬಿದ್ದಿತ್ತು. ಮಾತು ಸರಿಯಾಗಿ ಕೇಳದೆ ಇದ್ದಾಗ ಜನರಿಂದ ದೂರವಾಗುತ್ತೇವೆ. ದೂರವಾದ ಮೇಲೆ ಕೇಳಿಸಿಕೊಳ್ಳುವ ಅಗತ್ಯವೂ ಇಲ್ಲ ಅನ್ನಿಸುತ್ತೆ. ಕಾಲು ಜಾರಿದ್ದು ಒಂದು ದಿನ ನಿಜ. ಆದರೆ ಕಾಲಿನ ಬಲ ಅದಕ್ಕೂ ಐದು ವರ್ಷ ಮೊದಲಿನಿಂದ ಹೋಗುತ್ತಾ ಬಂದಿತ್ತು, ನಾನು ನೋಡುತ್ತಿದ್ದ ಹಾಗೇ.

ಇದನ್ನು ಬಿಡಿಸಿ ಹೇಳಿದವಳು ಫಿಸಿಯೋಥೆರಪಿಯ ಹುಡುಗಿ. "ಆಂಟಿ, ಕೈ ಊರದೆ ಕುರ್ಚಿಯಿಂದ ಏಳೋಕೆ ಆಗುತ್ತಾ?" ಅಂತ ಮೊದಲ ದಿನ ಕೇಳಿದಳು. ಎರಡೂ ಕೈ ಊರಿ ಎರಡು ಸಲ ಎದ್ದೆ, ಮೂರನೆಯದು ಆಗಲಿಲ್ಲ. ಈಗ ಕೈ ಊರದೆ ಹನ್ನೊಂದು ಸಲ ಏಳುತ್ತೇನೆ. 65 ದಾಟಿದವರು ನಡಿಗೆಯ ಜೊತೆಗೆ ವಾರಕ್ಕೆ ಮೂರು ದಿನವಾದರೂ ಸಮತೋಲನ ಮತ್ತು ಬಲದ ವ್ಯಾಯಾಮ ಮಾಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆಯಂತೆ. ನಾನು ನಡೆದರೆ ಸಾಕು ಅಂದುಕೊಂಡಿದ್ದೆ, ಅದನ್ನೂ ಮಾಡುತ್ತಿರಲಿಲ್ಲ. ಅವಳು ಹೇಳಿದ ಮೇಲೆ ನೀರಿನ ಲೋಟವನ್ನು ಕೈಗೆಟುಕುವಲ್ಲಿ ಇಡುವುದು ಬಿಟ್ಟೆ. ಅದೀಗ ಕೋಣೆಯ ಆ ಕಡೆಯ ಮೇಜಿನ ಮೇಲಿದೆ. ಪ್ರತಿ ಸಲ ಬಾಯಾರಿದಾಗಲೂ ಏಳಬೇಕು. ಬಚ್ಚಲಮನೆ ದಾರಿಯಲ್ಲಿ ರಾತ್ರಿಯಿಡೀ ಸಣ್ಣ ದೀಪ ಉರಿಯುತ್ತೆ.

ಅವಳಿಗೂ ನನ್ನ ಪ್ರೀತಿಯ ಥ್ಯಾಂಕ್ಸ್. ನಾನು ಅತ್ತ ದಿನ ಅವಳೂ ಅತ್ತು, ಆಮೇಲೆ "ಇನ್ನೊಂದು ಸಲ ಏಳಿ ಆಂಟಿ" ಅಂದವಳು ಅವಳು.

ಸೊಸೆಗೆ ಒಂದು ಮಾತು ಬೇರೆಯಾಗಿ ಹೇಳಬೇಕು. ಒಂದು ಬೆಳಿಗ್ಗೆ ನನ್ನ ತಲೆ ಬಾಚಲು ಬಂದವಳ ಕೈ ತಳ್ಳಿ, "ನೀನು ನನ್ನ ಮುಟ್ಟಬೇಡ" ಅಂತ ಕಿರುಚಿದೆ. ಬಾಚಣಿಗೆ ನೆಲಕ್ಕೆ ಬಿತ್ತು. ಅವಳು ಅದನ್ನು ಎತ್ತಿಕೊಂಡು, ಏನೂ ಹೇಳದೆ, ತೊಳೆದು ತಂದು ನನ್ನ ಕೈಯಲ್ಲಿಟ್ಟು ಹೋದಳು. ನನ್ನನ್ನು ಇನ್ನೊಬ್ಬರು ಬಾಚಬೇಕಾಯಿತಲ್ಲ ಅನ್ನೋ ಸಿಟ್ಟು ಅದು ಮಗಳೇ, ನಿನ್ನ ಮೇಲಿನದಲ್ಲ. ಇಷ್ಟು ದಿನ ಈ ಮಾತು ಬಾಯಿಗೆ ಬರಲಿಲ್ಲ. ಕ್ಷಮಿಸು.

ಈಗ ದಿನಾ ಸಂಜೆ ಐದಕ್ಕೆ ಅಕ್ಕನ ಮೊಮ್ಮಗ ಬರುತ್ತಾನೆ, ಅದೇ ಅಂಗಿ ಹಾಕಿಕೊಂಡು. ಭಿನ್ನರಾಶಿ ಅವನಿಗೆ ತಲೆಗೆ ಹತ್ತುವುದಿಲ್ಲ. ಅರ್ಧ ದೊಡ್ಡದೋ ಮೂರನೇ ಒಂದು ದೊಡ್ಡದೋ ಅಂತ ಕಾಗದ ಮಡಚಿ ಮಡಚಿ ತೋರಿಸುತ್ತೇನೆ. ಅವನು ಐದಕ್ಕೆ ಬರುತ್ತಾನೆ ಅಂದರೆ ನಾಲ್ಕೂವರೆಗೆ ನಾನು ಮುಖ ತೊಳೆದು, ತಲೆ ಬಾಚಿ, ಕಿವಿಗೆ ಮೆಷಿನ್ ಹಾಕಿ ಕೂತಿರಬೇಕು. ಅವನ ಪ್ರಶ್ನೆ ಕೇಳಿಸದಿದ್ದರೆ ಉತ್ತರ ಹೇಗೆ ಹೇಳಲಿ, ಅಲ್ವಾ? ಆರೋಗ್ಯ ಚೆನ್ನಾಗಿರಬೇಕು ಅನ್ನೋ ಆಸೆಯಿಂದ ಮಾಡಲಾಗದ್ದನ್ನೆಲ್ಲ ಆ ಐದು ಗಂಟೆಗೋಸ್ಕರ ಮಾಡುತ್ತಿದ್ದೇನೆ. ರಾತ್ರಿ ಬೇಗ ಮಲಗುವುದು ಕೂಡ. ನಿದ್ದೆಗೆಟ್ಟರೆ ಮರುದಿನ ಅವನ ಮೇಲೆ ರೇಗುತ್ತೇನೆ ಅಂತ ಗೊತ್ತಾಗಿದೆ.

ನೀವು ಇಷ್ಟು ಗಟ್ಟಿಯಾಗಿರೋದು ಹೇಗೆ ಅಂತ ಅಕ್ಕನನ್ನು ಒಮ್ಮೆ ಕೇಳಿದ್ದೆ. ಅವರು ಸ್ವಲ್ಪ ಯೋಚಿಸಿ, "ನಾಳೆ ಯಾರಿಗೆ ಏನು ಬೇಕಾಗುತ್ತೆ ಅಂತ ನೋಡಿಕೊಂಡು ಮಲಗ್ತೀನಿ" ಅಂದರು. ಮಂಡಿ ನೋವು ಅವರಿಗೂ ಇದೆ. ನನಗೆ ಸೂಜಿ ಕೊಟ್ಟ ರಾತ್ರಿ ಕಣ್ಣಿಗೆ ಪೊರೆ ಬಂದಿದ್ದೂ ನಿಜ. ನನ್ನನ್ನು ಏಳಿಸಲು ಹೇಳಿದ ಸುಳ್ಳಲ್ಲ ಅದು. ಅವರಿಗೆ ನಿಜವಾಗಿಯೂ ನನ್ನ ಕಣ್ಣು ಬೇಕಿತ್ತು. ಅದು ಗೊತ್ತಾದ ದಿನ ನಾನು ತುಂಬ ಹೊತ್ತು ಅತ್ತಿದ್ದೆ.

ಬರುವ ಮಂಗಳವಾರ ಅವರ ಕಣ್ಣಿನ ಆಪರೇಷನ್. ಅದೇ ದಿನ ಮನೆಗೆ ಕಳಿಸುತ್ತಾರಂತೆ. ಆ ರಾತ್ರಿ ನಾನು ಮೇಲೆಯೇ ಇರುತ್ತೇನೆ. ನಿನ್ನೆ ಹತ್ತಿದ್ದು ಅದಕ್ಕೇ, ಆಗುತ್ತಾ ನೋಡೋಣ ಅಂತ. ಕಣ್ಣಿಗೆ ಹನಿ ಹಾಕುವ ಹೊತ್ತುಗಳನ್ನು ದಪ್ಪ ಅಕ್ಷರದಲ್ಲಿ ಒಂದು ಹಾಳೆ ಮೇಲೆ ಬರೆದುಕೊಂಡಿದ್ದೇನೆ.

ಅಕ್ಕ, ದಿಂಬು ತೆಗೆದಿಡಬೇಡಿ. ನನ್ನದು ನಾನೇ ತರ್ತೀನಿ.