‘ಫ್ರಾಂಕೆನ್‌ಸ್ಟೈನ್’ ಬರೀ ಭಯದ ಕಥೆಯಲ್ಲ

ಮಾನ್ಯ ಸಂಪಾದಕರೇ,

ಮೇರಿ ಶೆಲ್ಲಿ ಅವರ ‘ಫ್ರಾಂಕೆನ್‌ಸ್ಟೈನ್’ (1818) ಕಾದಂಬರಿಯನ್ನು ಬರೀ ರಾಕ್ಷಸನ ಕಥೆಯೆಂದು ಬದಿಗಿಡುವವರು, ಅದರ ನಡುಭಾಗದಲ್ಲಿ ಬರುವ ಡಿ ಲೇಸಿ ಕುಟುಂಬದ ಪ್ರಸಂಗವನ್ನು ನಿಧಾನವಾಗಿ ಓದಬೇಕೆಂದು ಕೋರುತ್ತೇನೆ. ಸೃಷ್ಟಿಸಿದ ವಿಕ್ಟರ್ ಫ್ರಾಂಕೆನ್‌ಸ್ಟೈನನೇ ಹೇಸಿ ತೊರೆದುಹೋದ ಆ ಹೆಸರಿಲ್ಲದ ಜೀವಿ, ಜರ್ಮನಿಯ ಕಾಡಿನಂಚಿನ ಬಡ ಕುಟುಂಬವೊಂದಕ್ಕೆ ರಾತ್ರಿ ಹೊತ್ತು ಯಾರಿಗೂ ಕಾಣದಂತೆ ಸೌದೆ ಒಟ್ಟಿಕೊಡುತ್ತದೆ. ಅವರ ಮಾತು ಕೇಳುತ್ತಲೇ ಭಾಷೆ ಕಲಿಯುತ್ತದೆ. ಕಣ್ಣು ಕಾಣದ ಹಿರಿಯ ಒಬ್ಬನೇ ಇದ್ದ ದಿನ ಒಳಗೆ ಹೋಗಿ ತನ್ನ ಅಳಲು ಹೇಳಿಕೊಂಡಾಗ, ಆತ ಆ ಮಾತಿನಲ್ಲಿ ಪ್ರಾಮಾಣಿಕತೆಯನ್ನೇ ಗುರುತಿಸುತ್ತಾನೆ. ಅಷ್ಟರಲ್ಲಿ ಉಳಿದವರು ಬರುತ್ತಾರೆ. ಮಗಳು ಅಗಾಥಾ ಮೂರ್ಛೆ ಹೋದರೆ, ಮಗ ಫೆಲಿಕ್ಸ್ ತಂದೆಯ ಕಾಲು ಹಿಡಿದಿದ್ದ ಜೀವಿಯನ್ನು ಕೆಡವಿ ಕೋಲಿನಿಂದ ಬಾರಿಸುತ್ತಾನೆ. ಅವನನ್ನು ಸೀಳಿಹಾಕುವ ಬಲವಿದ್ದರೂ ಅದು ಕೈಯೆತ್ತುವುದಿಲ್ಲ.

ನನ್ನನ್ನು ಹೆಚ್ಚು ಕಾಡುವುದು ಫೆಲಿಕ್ಸ್. ಪ್ಯಾರಿಸ್ಸಿನಲ್ಲಿ ಧರ್ಮ ಮತ್ತು ಸಂಪತ್ತಿನ ಕಾರಣಕ್ಕೆ ಮರಣದಂಡನೆಗೆ ಗುರಿಯಾದ ತುರ್ಕಿ ವ್ಯಾಪಾರಿಯನ್ನು ಸೆರೆಯಿಂದ ಬಿಡಿಸಿ, ಅದಕ್ಕಾಗಿ ಆಸ್ತಿ ಕಳೆದುಕೊಂಡು ದೇಶಭ್ರಷ್ಟನಾದವನು ಅವನೇ. ಅಂಥ ನ್ಯಾಯವಂತನೂ ಮುಖ ಕಂಡೊಡನೆ ವಿಚಾರಿಸದೆ ಹೊಡೆಯುತ್ತಾನೆಂದು ಶೆಲ್ಲಿ ತೋರಿಸುತ್ತಾರೆ. ಆ ಜೀವಿ ಮುಂದೆ ಮಾಡುವ ಕೊಲೆಗಳಿಗೆ ಇದು ಸಮರ್ಥನೆಯಲ್ಲ, ಕಾರಣವಂತೂ ಹೌದು.

1931ರ ಹಾಲಿವುಡ್ ಚಿತ್ರ ಈ ಜೀವಿಯ ಮಾತನ್ನೇ ಕಸಿದುಕೊಂಡಿತು. ಮೂಲದಲ್ಲಿ ಅದು ಇಂಗ್ಲಿಷ್ ಕವಿ ಮಿಲ್ಟನ್, ಪ್ರಾಚೀನ ಗ್ರೀಕ್ ಲೇಖಕ ಪ್ಲುಟಾರ್ಕ್ ಅವರ ಕೃತಿಗಳನ್ನು ಓದಿ ವಾದಿಸುತ್ತದೆ. ತಮ್ಮ ಸಾಹಿತ್ಯ ಪುರವಣಿಯಲ್ಲಿ ಈ ಮೂಲ ಕೃತಿಯ ಬಗ್ಗೆ ವಿಸ್ತಾರವಾದ ಲೇಖನವೊಂದನ್ನು ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

ಇಂತಿ,
ಓರ್ವ ಓದುಗ, ಧಾರವಾಡ