ಆ ಮಾತು ನಿಮಗೆ ಹೇಳಿದ್ದಲ್ಲ

ಬ್ಲೂಮಿಂಗ್ಟನ್, ಇಂಡಿಯಾನಾ
19 ಜನವರಿ 2025, ಭಾನುವಾರ

ಅಪ್ಪಾಜಿಗೆ ನಮಸ್ಕಾರ. ನಾನು ಇಲ್ಲಿ ಚೆನ್ನಾಗಿದ್ದೇನೆ. ಅಮ್ಮ ಕಳಿಸಿದ ಎಳ್ಳು ಬೆಲ್ಲ ಹಬ್ಬಕ್ಕೆ ಎರಡು ದಿನ ಮುಂಚೆಯೇ ಬಂತು. ಸಕ್ಕರೆ ಅಚ್ಚು ಮಾತ್ರ ಪುಡಿ ಪುಡಿಯಾಗಿತ್ತು. ಆನೆಯೋ ತೇರೋ ಗೊತ್ತಾಗಲಿಲ್ಲ, ಹಾಗೇ ತಿಂದೆವು. ಈ ಕಾಗದವನ್ನು ಮೊಬೈಲಿನಲ್ಲಿ ಓದಬೇಡಿ, ಕಣ್ಣು ಹಾಳು. ಗುಂಡನಿಗೆ ಹೇಳಿದ್ದೇನೆ, ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆಸಿಕೊಂಡು ಬರುತ್ತಾನೆ.

ನಿನ್ನೆ ಅಮ್ಮನ ಮೆಸೇಜ್ ಬಂತು. "ಅಪ್ಪ ಬುಧವಾರದಿಂದ ಗ್ರೌಂಡಿಗೆ ಹೋಗಿಲ್ಲ. ಬಿಪಿ 170 ತೋರಿಸ್ತಿದೆ. ಮಾತ್ರೆ ತಗೋತಿಲ್ಲ. ಫೋನಲ್ಲಿ ನೀನು ಏನಂದೆ?" ಇಷ್ಟೇ. ನನಗೆ ತಲೆಬುಡ ಅರ್ಥವಾಗಲಿಲ್ಲ. ಶೋಭಕ್ಕನಿಗೆ ಫೋನ್ ಮಾಡಿದ ಮೇಲೆ ಗೊತ್ತಾಯಿತು. ಹಬ್ಬಕ್ಕೆ ಮೂರು ದಿನ ಇರುವಾಗ ಕಾಲೇಜಿನ ಸೆಕ್ರೆಟರಿ ನಿಮ್ಮನ್ನು ಕರೆಸಿ, "ಸಾರ್, ನಾಲ್ಕು ವರ್ಷದಿಂದ ನಿಮ್ಮ ಬಾಸ್ಕೆಟ್‌ಬಾಲ್ ಟೀಮು ಮೊದಲನೇ ರೌಂಡ್ ದಾಟಿಲ್ಲ. ಹೊಸಬರಿಗೆ ಬಿಟ್ಟುಕೊಡಿ" ಅಂದರಂತೆ. ಇದೊಂದೂ ನನಗೆ ತಿಳಿದಿರಲಿಲ್ಲ ಅಪ್ಪಾಜಿ. ತಿಳಿಯದೆ, ಹಬ್ಬದ ಮಾರನೇ ಬೆಳಗ್ಗೆ ನಿಮಗೆ ಫೋನ್ ಮಾಡಿ, "ಅರವತ್ತು ದಾಟಿದವರಿಗೆ ಈಗಿನ ಆಟ ಹಿಡಿತಕ್ಕೆ ಸಿಗಲ್ಲ, ಮರ್ಯಾದೆಯಾಗಿ ಮನೆಗೆ ಹೋಗ್ಬೇಕು" ಅಂತ ಒಂದೇ ಉಸಿರಿಗೆ ಹೇಳಿಬಿಟ್ಟೆ. ನೀವು "ಹೂಂ, ಅಮ್ಮನಿಗೆ ಕೊಡ್ತೀನಿ" ಅಂದಿರಿ. ನಾನು ಏನೋ ಹಬ್ಬದ ಸುಸ್ತು ಅಂದುಕೊಂಡೆ.

ಆ ಮಾತು ಇಲ್ಲಿನ ಕಾಲೇಜು ಟೀಮಿನ ಕೋಚ್ ವುಡ್ಸನ್‌ಗೆ ಹೇಳಿದ್ದು. ನಿಮಗಲ್ಲ. ಮೊದಲು ಮಾತ್ರೆ ತಗೊಳ್ಳಿ, ಆಮೇಲೆ ಮುಂದೆ ಓದಿ.

ನಡೆದದ್ದು ಇಷ್ಟು. ಸಂಕ್ರಾಂತಿ ರಾತ್ರಿ, ಅಲ್ಲಿ ನಮ್ಮ ದೊಡ್ಡಪ್ಪನವರ ಹಟ್ಟಿಯಲ್ಲಿ ದನಗಳಿಗೆ ಕಿಚ್ಚು ಹಾಯಿಸಿ ಎಷ್ಟೋ ಹೊತ್ತಾದ ಮೇಲೆ, ನಾನು ಮ್ಯಾಚ್ ನೋಡಲು ಅಸೆಂಬ್ಲಿ ಹಾಲ್‌ಗೆ ಹೋಗಿದ್ದೆ. ಹೆಸರು ಕೇಳಿ ವಿಧಾನಸಭೆ ಅಂದುಕೊಳ್ಳಬೇಡಿ, ಬಾಸ್ಕೆಟ್‌ಬಾಲ್ ಆಡುವ ಜಾಗ. 17 ಸಾವಿರಕ್ಕೂ ಜಾಸ್ತಿ ಸೀಟು. ಮೇಲಿನ ಸಾಲಿಗೆ ಹತ್ತುವಾಗ ಮೇಲುಕೋಟೆ ಬೆಟ್ಟದ ಮೆಟ್ಟಿಲೇ ನೆನಪಾಗುತ್ತದೆ, ಅಷ್ಟು ಕಡಿದು. ಆಟಗಾರರು ವಾರ್ಮಪ್‌ಗೆ ಬರುವುದು ಕೆಂಪು ಬಿಳಿ ಪಟ್ಟೆಯ ಪ್ಯಾಂಟಿನಲ್ಲಿ, ಮದುವೆ ಮನೆ ಶಾಮಿಯಾನ ಹರಿದು ಹೊಲಿಸಿದ ಹಾಗೆ. ನಗಬೇಡಿ, ಇಲ್ಲಿ ಅದಕ್ಕೆ ಭಾರೀ ಗೌರವ. ಇನ್ನೊಂದು ನಿಮಗೆ ಹಿಡಿಸುತ್ತದೆ. ಜೆರ್ಸಿ ಹಿಂದೆ ಆಟಗಾರನ ಹೆಸರು ಹಾಕುವುದಿಲ್ಲ. ಎದೆ ಮೇಲೆ ಇಂಡಿಯಾನಾ ಅಂತ ಒಂದೇ. ನೀವು ಹುಡುಗರಿಗೆ ಹೇಳುವುದೂ ಅದನ್ನೇ ಅಲ್ವಾ?

ಒಂದು ಕೊನೆಯಲ್ಲಿ ಐದು ಬ್ಯಾನರ್ ತೂಗುಬಿದ್ದಿವೆ. 1940, 1953, 1976, 1981, 1987. ದೇಶಕ್ಕೇ ಚಾಂಪಿಯನ್ ಆದ ವರ್ಷಗಳು. ಕೊನೆಯ ಮೂರು ಬಾಬ್ ನೈಟ್ ಅನ್ನುವ ಕೋಚ್ ಕಾಲದ್ದು. 1976ರಲ್ಲಿ 32 ಆಡಿ 32ನ್ನೂ ಗೆದ್ದರು. ನೈಟ್ ಅಂದರೆ ಜಮದಗ್ನಿ. 1985ರಲ್ಲಿ ಇದೇ ರಾಜ್ಯದ ಎದುರಾಳಿ ಕಾಲೇಜು ಪರ್ಡ್ಯೂ ಮೇಲೆ ಆಡುವಾಗ ರೆಫ್ರಿ ಮೇಲೆ ಕೋಪ ಬಂದು ಕುರ್ಚಿಯನ್ನೇ ಅಂಕಣಕ್ಕೆ ಎಸೆದ. ಕಡೆಗೆ 2000ದಲ್ಲಿ ಅವನನ್ನೂ ತೆಗೆದರು. ಆದರೂ ಇಲ್ಲಿನವರಿಗೆ ಈಗಲೂ ಅವನೇ ದೇವರು. ಆಮೇಲೆ ಬಂದ ಯಾರನ್ನೇ ಆಗಲಿ ಆ ಬ್ಯಾನರಿನ ಪಕ್ಕ ನಿಲ್ಲಿಸಿ ಅಳೆಯುತ್ತಾರೆ. ಕೊನೆಯ ಬ್ಯಾನರಿಗೆ 38 ವರ್ಷ ಆಗುತ್ತಾ ಬಂತು. ಕೂಗಾಡುವ ಹುಡುಗರಲ್ಲಿ ಒಬ್ಬನೂ ಆಗ ಹುಟ್ಟಿರಲಿಲ್ಲ.

ಈಗಿನ ಕೋಚ್ ಮೈಕ್ ವುಡ್ಸನ್, ಆ ನೈಟ್‌ನ ಶಿಷ್ಯನೇ. ಇದೇ ಕಾಲೇಜಿಗೆ 1976ರಿಂದ 80ರವರೆಗೆ ಆಡಿದವರು. ಕೊನೆಯ ವರ್ಷ ಬೆನ್ನಿಗೆ ಆಪರೇಷನ್ ಆಗಿ ಮಲಗಿದ್ದರು. ಎದ್ದು ಬಂದು ಲೀಗಿನ ಕೊನೆಯ ಆರು ಪಂದ್ಯ ಆಡಿ, ಆರನ್ನೂ ಗೆಲ್ಲಿಸಿ, ಆರೇ ಪಂದ್ಯಕ್ಕೆ ಲೀಗಿನ ಅತ್ಯುತ್ತಮ ಆಟಗಾರ ಅನ್ನಿಸಿಕೊಂಡರು. ಆಮೇಲೆ ಎನ್‌ಬಿಎ ಅನ್ನುವ ವೃತ್ತಿಪರ ಲೀಗಿನಲ್ಲಿ ಕೋಚ್. ಅಟ್ಲಾಂಟಾದಲ್ಲಿ ಮೊದಲ ವರ್ಷ 82 ಪಂದ್ಯಕ್ಕೆ ಗೆದ್ದದ್ದು ಬರೀ 13. ಯಾರೂ ಓಡಿಸಲಿಲ್ಲ. ವರ್ಷ ವರ್ಷ ಒಂದಷ್ಟು ಮೇಲೇರಿ ಆರನೇ ವರ್ಷ 53 ಗೆದ್ದರು. ಅದಾದ ಮೇಲೆ ಕಳಿಸಿಬಿಟ್ಟರು, ಅದು ಬೇರೆ ಕಥೆ. 2021ರಲ್ಲಿ ಇಲ್ಲಿಗೆ ಬಂದಾಗ ವಯಸ್ಸು 63. ಮನೆ ಮಗ ಮನೆಗೆ ಬಂದ ಅಂತ ಊರೆಲ್ಲ ಖುಷಿಪಟ್ಟಿತಂತೆ.

ಬಂದವರು ಸುಮ್ನೆ ಕೂತಿರಲಿಲ್ಲ. 2016ರಿಂದ ಒಮ್ಮೆಯೂ ಹೋಗದಿದ್ದ 68 ಟೀಮುಗಳ ದೊಡ್ಡ ಟೂರ್ನಿಗೆ ಮೊದಲ ವರ್ಷವೇ ಕರೆದುಕೊಂಡು ಹೋದರು. ಪರ್ಡ್ಯೂ ಮೇಲೆ ಸತತ ಒಂಬತ್ತು ಸಲ ಸೋತಿದ್ದ ಟೀಮನ್ನು ಆ ವರ್ಷವೇ ಗೆಲ್ಲಿಸಿದರು. ಎರಡನೇ ವರ್ಷ 23 ಗೆಲುವು. ಮೂರನೇ ವರ್ಷದಿಂದ ಇಳಿಜಾರು, 19 ಗೆಲುವು, 14 ಸೋಲು, ಟೂರ್ನಿಗೆ ಕರೆಯೇ ಬರಲಿಲ್ಲ. ಅದೇ ವರ್ಷ ಪರ್ಡ್ಯೂ ಫೈನಲ್ ತಲುಪಿ ಕೂತಿತು. ದಾಯಾದಿ ಮನೆಯಲ್ಲಿ ಹಬ್ಬ, ನಮ್ಮ ಮನೆಯಲ್ಲಿ ಒಲೆ ಹಚ್ಚಿಲ್ಲ ಅಂದ ಹಾಗೆ.

ಈ ವರ್ಷ ದೇಶದಲ್ಲಿ 17ನೇ ರ‍್ಯಾಂಕಿನಿಂದ ಶುರು ಮಾಡಿದರು. ನವೆಂಬರಿನಲ್ಲಿ ಬಹಾಮಾಸ್‌ಗೆ ಹೋಗಿ ಲೂಯಿವಿಲ್ ಕೈಲಿ 89-61ಕ್ಕೆ ಸೋತು ಬಂದರು. ಈ ತಿಂಗಳು 11ಕ್ಕೆ ಐಯೋವಾ ಮೇಲೆ 85-60. ಹಬ್ಬದ ರಾತ್ರಿ ನನ್ನ ಕಣ್ಣೆದುರು ಇಲಿನಾಯ್ ಮೇಲೆ 94-69. ಒಂದರ ಹಿಂದೆ ಒಂದು, ಎರಡೂ 25 ಪಾಯಿಂಟಿನ ಸೋಲು. ಅರ್ಧ ಆಟಕ್ಕೆ ಮುಂಚೆಯೇ ಮ್ಯಾಚು ಮುಗಿದಿತ್ತು.

ಆಟದ ಮಾತು ನಿಮ್ಮ ಹತ್ತಿರ ಅಲ್ಲದೆ ಯಾರ ಹತ್ತಿರ ಆಡಲಿ. ವುಡ್ಸನ್ ಇಬ್ಬರು ಎತ್ತರದವರನ್ನು ರಿಂಗ್ ಕೆಳಗೇ ಇಟ್ಟು ಆಡಿಸುತ್ತಾರೆ. ಹೊರಗಿನಿಂದ ಥ್ರೀ ಪಾಯಿಂಟರ್ ಹಾಕುವವರು ಕಮ್ಮಿ. ಎದುರಾಳಿಗಳು ಹೊರಗಿನವರನ್ನು ಬಿಟ್ಟು ಎಲ್ಲರೂ ಒಳಗೆ ಬಂದು ಗೋಡೆ ಹಾಗೆ ನಿಲ್ಲುತ್ತಾರೆ. ಬಾಲ್ ಒಳಗೂ ಹೋಗಲ್ಲ, ಹೊರಗೂ ಬರಲ್ಲ. ನೀವೇ ನನಗೆ ಹತ್ತನೇ ಕ್ಲಾಸಿನಲ್ಲಿ ನೆಲದ ಮೇಲೆ ಸುಣ್ಣದ ಕಡ್ಡಿಯಲ್ಲಿ ಬರೆದು ತೋರಿಸಿದ್ದು ಇದನ್ನೇ. ಎತ್ತರದವರಲ್ಲಿ ಒಬ್ಬ, ಮಾಲಿಕ್ ರೆನೋ, ಮೊಣಕಾಲಿಗೆ ಏಟು ಬಿದ್ದು ಹೊರಗಿದ್ದಾನೆ, ಅದೂ ನಿಜ. ಆದರೆ ಅವನು ಇದ್ದಾಗಲೂ ಬಹಾಮಾಸಿನಲ್ಲಿ ಸೋತರಲ್ಲ? ಡಿಫೆನ್ಸ್‌ನಲ್ಲಿ ಒಬ್ಬರ ಮುಖ ಒಬ್ಬರು ನೋಡುತ್ತಾ ನಿಂತಿರುತ್ತಾರೆ. ಅದಕ್ಕೆ ಏಟಿನ ನೆಪ ಹೇಳಲು ಬರಲ್ಲ.

ಜನಕ್ಕೆ ತಾಳ್ಮೆ ತಪ್ಪಲು ಇನ್ನೊಂದು ಕಾರಣ ಇದೆ. ಇಲ್ಲಿನ ಫುಟ್‌ಬಾಲ್ ಟೀಮು (ಕೈಯಲ್ಲಿ ಹಿಡಿದು ಓಡುವ ಫುಟ್‌ಬಾಲು) ನೂರು ವರ್ಷದಿಂದ ಸೋಲುವುದಕ್ಕೇ ಹೆಸರುವಾಸಿ. ಹೋದ ವರ್ಷ ಸಿಗ್ನೆಟಿ ಅಂತ ಹೊಸ ಕೋಚ್ ಬಂದ. ಬಂದ ಮೊದಲ ವರ್ಷವೇ 11 ಗೆಲುವು, ಎರಡೇ ಸೋಲು. ಈಗ ಎಲ್ಲರ ಬಾಯಲ್ಲೂ ಒಂದೇ ಮಾತು, ಅವನಿಗೆ ಒಂದು ವರ್ಷ ಸಾಕಾಯಿತು, ಇವರಿಗೆ ನಾಲ್ಕು ಯಾಕೆ ಸಾಲಲಿಲ್ಲ ಅಂತ. ಮೊದಲಿನ ಹಾಗೆ ನಾಲ್ಕು ವರ್ಷ ಕಾದು ಹುಡುಗರನ್ನು ಬೆಳೆಸುವ ಕಾಲ ಹೋಯಿತು. ಈಗ ಆಟಗಾರರು ವರ್ಷ ವರ್ಷ ಕಾಲೇಜು ಬದಲಾಯಿಸಬಹುದು. 2021ರಿಂದ ಅವರು ತಮ್ಮ ಹೆಸರಿನ ಮೇಲೆ ದುಡ್ಡೂ ಮಾಡಬಹುದು. ಮಾರ್ಚ್ ಬಂತೆಂದರೆ ಸಂತೆ.

ಇನ್ನು ನಾನು ಮಾಡಿದ್ದು. ಎರಡನೇ ಅರ್ಧದಲ್ಲಿ ಹುಡುಗರು "ವುಡ್ಸನ್‌ನ ತೆಗೀರಿ" ಅಂತ ಕೂಗಲು ಶುರು ಮಾಡಿದರು. ಸ್ವಂತ ಊರಲ್ಲಿ, ಸ್ವಂತ ಹಾಲ್‌ನಲ್ಲಿ, ಆ ಐದು ಬ್ಯಾನರಿನ ಕೆಳಗೆ. ಪಕ್ಕದವನು ಕೂಗಿದ. ನಾನೂ ಕೂಗಿದೆ ಅಪ್ಪಾಜಿ. ಮೂರೋ ನಾಲ್ಕೋ ಸಲ. ವುಡ್ಸನ್ ಬೆಂಚಿನ ಮುಂದೆ ನಿಂತಿದ್ದರು, ತಿರುಗಿಯೂ ನೋಡಲಿಲ್ಲ. ಅದೇ ಬಿಸಿಯಲ್ಲಿ ಹೊರಗೆ ಬಂದು, ಬಸ್ಸಿಗೆ ಕಾಯುತ್ತಾ ಹಿಮದಲ್ಲಿ ನಿಂತು ನಿಮಗೆ ಫೋನ್ ಮಾಡಿದೆ. ಬೆಳಗ್ಗೆ ಏಳೂವರೆ, ನೀವು ಆಗ ತಾನೇ ಶೂ ಹಾಕಿಕೊಳ್ಳುತ್ತಿದ್ದಿರಂತೆ. ಅಮ್ಮ ಹೇಳಿದಳು. ಫೋನ್ ಇಟ್ಟು ಶೂ ಬಿಚ್ಚಿಟ್ಟರು ಅಂತ.

ಈಗಲೂ ಕೇಳಿದರೆ, ಈ ಸೀಸನ್ ಆದ ಮೇಲೆ ಅವರು ಬಿಟ್ಟುಕೊಡುವುದು ಒಳ್ಳೆಯದು ಅಂತಲೇ ನನ್ನ ಅಭಿಪ್ರಾಯ. ನಿಮಗೆ ಬೇಜಾರಾಗಬಾರದು ಅಂತ ಸುಳ್ಳು ಬರೆಯಲಾರೆ, ನೀವು ಹಿಡಿದುಬಿಡುತ್ತೀರಿ. ಮಧ್ಯದಲ್ಲಿ ಬೇಡ. ಮೊನ್ನೆ ಶುಕ್ರವಾರ ಓಹಾಯೋ ಸ್ಟೇಟ್ ಊರಿಗೇ ಹೋಗಿ ಓವರ್‌ಟೈಮಿನಲ್ಲಿ 77-76ಕ್ಕೆ ಗೆದ್ದು ಬಂದಿದ್ದಾರೆ. 14 ಗೆಲುವು, 5 ಸೋಲು. ಲೆಕ್ಕದಲ್ಲಿ ಕೆಟ್ಟದ್ದೇನಲ್ಲ. ಆದರೆ ಇನ್ನೂ 12 ಪಂದ್ಯ ಇವೆ, ಎಲ್ಲ ಗಟ್ಟಿ ಟೀಮುಗಳು. ನನಗೇನೋ ನಂಬಿಕೆ ಇಲ್ಲ.

ಆದರೆ ಆ ಅಳತೆಗೋಲನ್ನು ನಿಮ್ಮ ಹತ್ತಿರ ತರಬೇಡಿ. ಅವರಿಗೆ ವರ್ಷಕ್ಕೆ 40 ಲಕ್ಷ ಡಾಲರ್‌ಗೂ ಜಾಸ್ತಿ ಸಂಬಳ. ಕೆಲಸದಿಂದ ತೆಗೆದರೂ ನಷ್ಟವಿಲ್ಲ. ಅವರಿಗಿಂತ ಮುಂಚೆ ಇದ್ದ ಆರ್ಚಿ ಮಿಲ್ಲರ್‌ಗೆ ಮನೆಗೆ ಹೋಗು ಅಂತ ಹೇಳುವುದಕ್ಕೇ ಒಂದು ಕೋಟಿ ಡಾಲರ್ ಮೇಲೆ ಕೊಡಬೇಕಾಯಿತು. ಈಗಿನ ಲೆಕ್ಕಕ್ಕೆ 80 ಕೋಟಿ ರೂಪಾಯಿಗೂ ಮೇಲೆ. ದಾನಿಗಳು ಕೊಟ್ಟರಂತೆ. ನಮ್ಮ ಕಡೆ ದಾನಿಗಳು ದೇವಸ್ಥಾನಕ್ಕೆ ಟ್ಯೂಬ್‌ಲೈಟ್ ಕೊಟ್ಟು ಅದರ ಮೇಲೆ ಹೆಸರು ಬರೆಸುತ್ತಾರೆ!

ನಿಮಗೆ ಏನು ಕೊಟ್ಟರು? ಬಾಲಿಗೆ ನಿಮ್ಮ ಜೇಬಿನಿಂದ ದುಡ್ಡು. ಬೋರ್ಡು ಮುರಿದಾಗ ನೀವೇ ವೆಲ್ಡಿಂಗ್ ಅಂಗಡಿಗೆ ಹೊತ್ತು ಹೋಗಿದ್ದು ನನಗೆ ನೆನಪಿದೆ, ಹಿಂದೆ ಹಿಡಿದುಕೊಂಡು ಕೂತಿದ್ದವನು ನಾನೇ. ವುಡ್ಸನ್ ದೇಶವೆಲ್ಲ ಹುಡುಕಿ ಏಳಡಿ ಹುಡುಗರನ್ನು ತರುತ್ತಾರೆ. ನಿಮಗೆ ಬಿಕಾಂ ಅಡ್ಮಿಷನ್‌ನಲ್ಲಿ ಯಾರು ಬಂದರೋ ಅವರೇ ಟೀಮು. ಬಾಲು ಮುಟ್ಟದವರಿಗೆ ಜೂನ್‌ನಲ್ಲಿ ಡ್ರಿಬಲ್ ಕಲಿಸಿ ಅಕ್ಟೋಬರ್‌ನಲ್ಲಿ ಮ್ಯಾಚ್ ಆಡಿಸಬೇಕು. ಎದುರಿಗೆ ಬರುವವರು ಹಾಸ್ಟೆಲ್ ಇಟ್ಟು, ಸೀಟು ಕೊಟ್ಟು ತಂದ ಹುಡುಗರು. ಮೊದಲನೇ ರೌಂಡ್ ದಾಟಿಲ್ಲ ಅಂದ ಸೆಕ್ರೆಟರಿ ಒಂದು ದಿನ ಗ್ರೌಂಡಿಗೆ ಬಂದಿದ್ದಾರಾ?

ಸೆಕ್ರೆಟರಿ ಹೇಳಿದ್ದಕ್ಕೆ ನೀವು ಏನು ಉತ್ತರ ಕೊಡಬೇಕು ಅಂತ ನಾನು ಹೇಳುವುದಿಲ್ಲ. ಬಿಡುವುದಾದರೆ ಬಿಡಿ, ಇರುವುದಾದರೆ ರಿಟೈರ್ ಆಗುವವರೆಗೆ ಇರಿ. ಇನ್ನು ಒಂದೂವರೆ ವರ್ಷ. ಆದರೆ ನನ್ನ ಫೋನಿಗೋಸ್ಕರ ಮಾತ್ರ ಬಿಡಬೇಡಿ. ಶೋಭಕ್ಕ ಹೇಳಿದಳು, ಹುಡುಗರು ದಿನಾ ಐದೂವರೆಗೆ ಬಂದು ಗೇಟಿನ ಹತ್ತಿರ ಕೂತು ವಾಪಸ್ ಹೋಗುತ್ತಿದ್ದಾರಂತೆ. ಬೀಗದ ಕೈ ನಿಮ್ಮ ಹತ್ತಿರ ಇದೆ. ಅದನ್ನಾದರೂ ಕಳಿಸಿಕೊಡಿ.

ಅಮ್ಮ, ಇದು ನಿನಗೆ. ಅಪ್ಪಾಜಿಯನ್ನು ಮೈಸೂರಿಗೆ ಕರೆದುಕೊಂಡು ಹೋಗಿ ಇಸಿಜಿ, ಎಕೋ ಎರಡೂ ಮಾಡಿಸು. ಎಡಗೈ ಜೋಮು ಹಿಡಿಯುತ್ತೆ ಅಂದಿದ್ದರಂತಲ್ಲ, ಅದನ್ನು ನನಗ್ಯಾಕೆ ಹೇಳಲಿಲ್ಲ? ಬಾಲ್ ಎಸೆದು ನೋವು ಅಂತ ಅವರು ಹೇಳಿದರೆ ನಂಬಬೇಡ. ನಾಲ್ಕು ದಿನದಿಂದ ಬಾಲೇ ಮುಟ್ಟಿಲ್ಲವಲ್ಲ. ಉಪ್ಪಿನಕಾಯಿ ಭರಣಿ ಮೇಲಿನ ಅಟ್ಟಕ್ಕೆ ಇಡು. ಖರ್ಚಿಗೆ ಶೋಭಕ್ಕನ ಅಕೌಂಟಿಗೆ ದುಡ್ಡು ಹಾಕಿದ್ದೇನೆ. ನನಗೆ ಕಷ್ಟವೇನಿಲ್ಲ, ಕ್ಯಾಂಪಸ್ ಊಟದ ಮನೆಯಲ್ಲಿ ಕೆಲಸ ಜಾಸ್ತಿ ಸಿಕ್ಕಿದೆ, ಊಟವೂ ಅಲ್ಲೇ. ಚಳಿ ಇದೆ, ಆದರೆ ಕೋಟು ಇದೆ, ಎರಡು ಇದೆ. ಹಿಮದಲ್ಲಿ ಜಾರಿ ಬಿದ್ದೆ ಅಂತ ಗುಂಡ ಹೇಳಿರುತ್ತಾನೆ. ಅದು ಬಿದ್ದದ್ದೇ ಅಲ್ಲ, ಕೂತದ್ದು. ಮೈ ಕೈ ಎಲ್ಲ ಸರಿಯಿದೆ. ತೂಕ ಎರಡು ಕೆಜಿ ಜಾಸ್ತಿಯಾಗಿದೆ. ನಿಜವಾಗಿ ಚೆನ್ನಾಗಿದ್ದೇನೆ.

ಅಪ್ಪಾಜಿ, ಫೆಬ್ರವರಿ 23ಕ್ಕೆ ಪರ್ಡ್ಯೂ ಇಲ್ಲಿಗೆ ಬರುತ್ತದೆ. ನೈಟ್ ಕುರ್ಚಿ ಎಸೆದದ್ದೂ ಫೆಬ್ರವರಿ 23ರಂದೇ, ಸರಿಯಾಗಿ 40 ವರ್ಷ. ಟಿಕೆಟ್ ಸಿಕ್ಕರೆ ಹೋಗುತ್ತೇನೆ. ಗೆಲ್ಲಲಿ ಸೋಲಲಿ, ಕೂಗುವುದಿಲ್ಲ. ಅಷ್ಟರೊಳಗೆ ನಿಮ್ಮ ಬಿಪಿ 130ಕ್ಕೆ ಬಂದಿರಬೇಕು. ಮ್ಯಾಚ್ ಆದ ಮೇಲೆ ಫೋನ್ ಮಾಡಿ ಇವರ ಡಿಫೆನ್ಸ್‌ನ ಹುಳುಕು ಎಲ್ಲಿ ಅಂತ ನಿಮ್ಮನ್ನೇ ಕೇಳುತ್ತೇನೆ.

ಡ್ರೈಯರ್ ನಿಂತಿತು. ತಕ್ಷಣ ಬಟ್ಟೆ ತೆಗೆಯದಿದ್ದರೆ ಯಾರಾದರೂ ಎತ್ತಿ ಮೇಜಿನ ಮೇಲೆ ಗುಡ್ಡೆ ಹಾಕುತ್ತಾರೆ. ಅಜ್ಜಿಗೆ ನಮಸ್ಕಾರ ಹೇಳಿ. ಇಸಿಜಿ ಫೋಟೋ ಮಂಗಳವಾರದೊಳಗೆ ಕಳಿಸಿ. ಮಾತ್ರೆ ತಿಂಡಿ ಆದ ಮೇಲೆ, ಮುಂಚೆ ಅಲ್ಲ.

ನಿಮ್ಮ,
ಚಂದ್ರು